ಬೀದಿಗಿಳಿಯುವ ಅಲೆಬ್ರಿಹೆ ಕಟ್ಟುವುದು ಹೇಗೆ: ಗಾಲಿಯಿಂದ ಶುರು, ಬಣ್ಣ ಕೊನೆಗೆ

ಅಲೆಬ್ರಿಹೆ ಅಂದರೆ ಹಲವು ಪ್ರಾಣಿಗಳ ಅಂಗಗಳನ್ನು ಬೆರೆಸಿ, ಗಾಢ ಬಣ್ಣ ಬಳಿದು ಮಾಡುವ ಮೆಕ್ಸಿಕೊದ ಕಾಲ್ಪನಿಕ ಪ್ರಾಣಿಯ ಗೊಂಬೆ. ಮೆಕ್ಸಿಕೊ ಸಿಟಿಯ ದೈತ್ಯ ಅಲೆಬ್ರಿಹೆಗಳ ಮೆರವಣಿಗೆ ನೋಡಿ, ಮುಂದಿನ ಸಲ ನಾವೂ ಒಂದು ಕಟ್ಟೋಣ ಅಂತ ಹೊರಟವರನ್ನು ಬಹಳ ನೋಡಿದ್ದೇನೆ. ರೆಕ್ಕೆ ಬಂದ ಮೊಸಳೆ, ಕೊಂಬಿರುವ ಮೀನು, ಹಾವಿನ ಬಾಲದ ಹುಲಿ, ಕಲ್ಪನೆಗೇನೂ ಬರ ಇರುವುದಿಲ್ಲ. ಮೊದಲ ವಾರದಲ್ಲೇ ಚೆಂದದ ತಲೆಯೊಂದು ತಯಾರಾಗುತ್ತದೆ. ಆಮೇಲೆ ಎರಡು ತಿಂಗಳಿಗೆ ಕುತ್ತಿಗೆ ಬಾಗಿರುತ್ತದೆ, ಹೊಟ್ಟೆಯೊಳಗೆ ಬೂಷ್ಟು ಹಿಡಿದಿರುತ್ತದೆ, ಇಲ್ಲಾ ಅಂದರೆ ಪ್ರಾಣಿ ಶೆಡ್ಡಿನ ಬಾಗಿಲಲ್ಲಿ ಹಿಡಿಸುವುದಿಲ್ಲ. ಪ್ರತಿ ಸಲವೂ ಕೇಳುವ ಪ್ರಶ್ನೆ ಒಂದೇ: ಎಲ್ಲಿ ತಪ್ಪಾಯಿತು?

ತಪ್ಪಾದದ್ದು ಕೈಕೆಲಸದಲ್ಲಿ ಅಲ್ಲ, ಕೆಲಸದ ಸರದಿಯಲ್ಲಿ. ತಲೆಯಿಂದ ಶುರು ಮಾಡಿದ್ದರಿಂದ. ಇದು ಬೀದಿಯಲ್ಲಿ ಸುಮಾರು 4 ಕಿಲೋಮೀಟರ್ ಉರುಳಬೇಕಾದ ವಸ್ತು. ಹಾಗಾಗಿ ಬೀದಿಯಿಂದ, ಅಂದರೆ ಗಾಲಿಯಿಂದ ಶುರು ಮಾಡಬೇಕು. ಮೆಕ್ಸಿಕೊದಲ್ಲೇ ಇದ್ದು ಒಂದು ತಂಡ ಸೇರಬೇಕು ಅನ್ನುವವರಿಗೂ, ಊರಲ್ಲಿ ಶಾಲೆಯ ಅಂಗಳದಲ್ಲೋ ಹಿತ್ತಲಲ್ಲೋ ದೊಡ್ಡದೊಂದು ಕಟ್ಟಲು ಹೋಗಿ ಕೈಸೋತವರಿಗೂ ಇದೇ ಸರದಿ.

ಇನ್ನೊಂದು ಗೊಂದಲ ಮೊದಲೇ ಬಗೆಹರಿಯಲಿ. ಅಂಗಡಿಗಳಲ್ಲಿ, ಫೋಟೋಗಳಲ್ಲಿ ಕಾಣುವ ಚಿಕ್ಕ ಚಿಕ್ಕ ಅಲೆಬ್ರಿಹೆಗಳಲ್ಲಿ ಬಹುಪಾಲು ದಕ್ಷಿಣ ಮೆಕ್ಸಿಕೊದ ಓಹಾಕಾ ರಾಜ್ಯದ ಕಡೆಯವು, ಕೊಪಾಲ್ ಮರದಲ್ಲಿ ಕೆತ್ತಿದವು. ಬೀದಿಗೆ ಬರುವ ದೊಡ್ಡವು ಕಾಗದದವು. ಅಲೆಬ್ರಿಹೆಗಳನ್ನು ಮೊದಲು ಮಾಡಿದ ಮೆಕ್ಸಿಕೊ ಸಿಟಿಯ ಕಲಾವಿದ ಪೆದ್ರೊ ಲಿನಾರೆಸ್ ಮಾಡುತ್ತಿದ್ದುದೂ ಕಾಗದದ್ದೇ. ಈ ಕಾಗದದ ಕೆಲಸಕ್ಕೆ ಅಲ್ಲಿ ಕಾರ್ತೊನೆರಿಯಾ ಅನ್ನುತ್ತಾರೆ. ಮರದ ಗೊಂಬೆಯ ಫೋಟೋ ನೋಡಿಕೊಂಡು ಅದೇ ಕಡ್ಡಿಯಂಥ ಕಾಲು, ಅದೇ ಸಾಸಿವೆಯಂಥ ಚುಕ್ಕಿ ಕಾಗದದಲ್ಲಿ ಮಾಡಲು ಹೋದರೆ ಎರಡೂ ಕೆಡುತ್ತವೆ.

ಬೇಕಾಗುವ ಸಾಮಾನು

ಬುಡಕ್ಕೆ ಚೌಕ ಕಬ್ಬಿಣದ ಪೈಪು, ಬೆನ್ನು ಮತ್ತು ಕಾಲಿಗೆ ಕಬ್ಬಿಣದ ಸರಳು, ಮೈಗೆ ಕಾರಿಸೊ. ಕಾರಿಸೊ ಅಂದರೆ ಒಳಗೆ ಟೊಳ್ಳಿರುವ ಒಂದು ಜಾತಿಯ ಜೊಂಡು. ನಮ್ಮಲ್ಲಾದರೆ ಬಿದಿರಿನ ದಬ್ಬೆ ಸಾಕು. ಬೈಂಡಿಂಗ್ ವೈರ್, ಹುರಿ, ಕಟಿಂಗ್ ಪ್ಲೇಯರ್, ವೆಲ್ಡಿಂಗ್ ಮಾಡುವವರೊಬ್ಬರು. ಹಳೆಯ ಪೇಪರ್ ರಾಶಿ, ಪುಸ್ತಕಕ್ಕೆ ಬೈಂಡ್ ಹಾಕುವ ಖಾಕಿ ಕಾಗದ, ಮೈದಾ, ದೊಡ್ಡ ಪಾತ್ರೆ. ಬಿಳಿ ಪ್ರೈಮರ್, ಅಕ್ರಿಲಿಕ್ ಬಣ್ಣ, ವಾರ್ನಿಶ್. ಟೇಬಲ್ ಫ್ಯಾನ್ ಕನಿಷ್ಠ ಎರಡು. ಫ್ಯಾನ್ ಯಾಕೆ ಅಂತ ಕಾಗದದ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಟೇಪು ಹಿಡಿದು ಹೊರಗೆ ಹೋಗಿ

ಮೆರವಣಿಗೆ ಮತ್ತು ಅದರ ಸ್ಪರ್ಧೆ ನಡೆಸುವುದು ಮುಸೇಯೊ ದೆ ಆರ್ತೆ ಪೊಪುಲಾರ್, ಅಂದರೆ ಮೆಕ್ಸಿಕೊ ಸಿಟಿಯ ಜನಪದ ಕಲೆಯ ಮ್ಯೂಸಿಯಂ. 2007ರಲ್ಲಿ ಶುರುವಾದದ್ದು. ಸ್ಪರ್ಧೆಗೆ ಮುಂಚೆ ಕೊನ್ವೊಕತೋರಿಯಾ ಅಂತ ಪ್ರಕಟಣೆ ಬರುತ್ತದೆ. ಎತ್ತರ ಅಗಲದ ಮಿತಿ, ಹೆಸರು ಕೊಡುವ ಕೊನೆಯ ದಿನ, ಎಷ್ಟು ಹೊತ್ತಿಗೆ ಎಲ್ಲಿಗೆ ತರಬೇಕು ಎಲ್ಲ ಅದರಲ್ಲಿರುತ್ತದೆ. ಅದನ್ನು ಪೂರ್ತಿ ಓದಿ. ಹೋದ ಸಲ ಭಾಗವಹಿಸಿದವರು ಹೇಳಿದ ಅಳತೆ ನಂಬಿ ಕಬ್ಬಿಣ ಕತ್ತರಿಸಬೇಡಿ.

ಆಮೇಲೆ ನಿಮ್ಮ ಕೆಲಸದ ಜಾಗದ ಬಾಗಿಲು ಅಳೆಯಿರಿ. ಬಾಗಿಲಿನ ಎತ್ತರ, ಅಗಲ, ಹೊಸ್ತಿಲು, ಅಲ್ಲಿಂದ ರಸ್ತೆಗೆ ಹೋಗುವ ಗಲ್ಲಿ, ಗಲ್ಲಿಯ ತಿರುವು, ತಲೆಯ ಮೇಲೆ ಜೋತಾಡುವ ಕೇಬಲ್‌ಗಳು. ಲಾರಿಯಲ್ಲಿ ಸಾಗಿಸುವುದಾದರೆ ಲಾರಿಯ ತಳದ ಎತ್ತರವನ್ನೂ ಪ್ರಾಣಿಯ ಎತ್ತರಕ್ಕೆ ಸೇರಿಸಿ ಲೆಕ್ಕ ಹಾಕಿ. ಈ ಅಳತೆಗಳಲ್ಲಿ ಯಾವುದು ಎಲ್ಲಕ್ಕಿಂತ ಚಿಕ್ಕದೋ ಅದೇ ನಿಮ್ಮ ಪ್ರಾಣಿಯ ಒಂದು ತುಂಡಿನ ಅತಿ ದೊಡ್ಡ ಅಳತೆ. ಅದಕ್ಕಿಂತ ದೊಡ್ಡದು ಬೇಕು ಅಂದರೆ ತುಂಡು ತುಂಡಾಗಿ ಕಟ್ಟಿ, ಹೊರಗೆ ತಂದು ಜೋಡಿಸಬೇಕು. ಇದನ್ನು ಈಗಲೇ ತೀರ್ಮಾನಿಸಬೇಕು. ಕಾಗದ ಮೆತ್ತಿದ ಮೇಲೆ ಕುತ್ತಿಗೆ ಕತ್ತರಿಸಿ ಹೊರತಂದವರನ್ನು ನಾನು ನೋಡಿದ್ದೇನೆ. ಆ ಗೆರೆ ಎಷ್ಟು ಕಾಗದ ಮೆತ್ತಿದರೂ ಮತ್ತೆ ಬಿಡುತ್ತದೆ.

ದಿನಗಳನ್ನು ಹಿಂದಿನಿಂದ ಎಣಿಸಿ. ಮೆರವಣಿಗೆ ಸಾಮಾನ್ಯವಾಗಿ ಅಕ್ಟೋಬರ್‌ನ ಒಂದು ಶನಿವಾರ, ಮಧ್ಯಾಹ್ನ. ಅಲ್ಲಿಂದ ಹಿಂದಕ್ಕೆ ಮೂರು ವಾರ ಬಣ್ಣಕ್ಕೆ, ಅದರ ಹಿಂದೆ ಐದು ಆರು ವಾರ ಕಾಗದಕ್ಕೆ, ಅದರ ಹಿಂದೆ ಮೂರು ವಾರ ಅಸ್ಥಿಪಂಜರಕ್ಕೆ. ಕಾಗದಕ್ಕೆ ಅಷ್ಟೊಂದು ಯಾಕೆ ಅಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೆಕ್ಸಿಕೊ ಸಿಟಿಯಲ್ಲಿ ಮಳೆಗಾಲ. ಬೆಳಿಗ್ಗೆ ಬಿಸಿಲು ಇರುತ್ತದೆ, ಮಧ್ಯಾಹ್ನದ ಮೇಲೆ ಮಳೆ ಹೊಡೆಯುತ್ತದೆ. ಒಣಗುವ ಕೆಲಸಕ್ಕೆ ದಿನದಲ್ಲಿ ಸಿಗುವುದು ಅರ್ಧ ದಿನ ಮಾತ್ರ.

ಹಂತ 2: ಚಿಕ್ಕ ಮಾದರಿ, ಮತ್ತು ಅದನ್ನು ಬೀಳಿಸಿ ನೋಡುವುದು

ಚಿತ್ರ ಬರೆದು ನೇರ ಕಬ್ಬಿಣಕ್ಕೆ ಹೋಗಬೇಡಿ. ಕಾಗದದ ಮೇಲಿನ ಚಿತ್ರಕ್ಕೆ ಹಿಂಭಾಗ ಇರುವುದಿಲ್ಲ. ಜೇಡಿಮಣ್ಣಿನಲ್ಲೋ ಮಕ್ಕಳ ಕ್ಲೇಯಲ್ಲೋ ಹತ್ತನೇ ಒಂದು ಅಳತೆಗೆ ಮಾದರಿ ಮಾಡಿ. ಮೂರು ಮೀಟರ್ ಪ್ರಾಣಿಗೆ 30 ಸೆಂಟಿಮೀಟರ್ ಗೊಂಬೆ. ಸುತ್ತ ತಿರುಗಿಸಿ ನೋಡಿ. ಬೀದಿ ಬದಿಯಲ್ಲಿ ಕೂತ ಮಗುವಿಗೆ ಕಾಣುವುದು ಪ್ರಾಣಿಯ ಗಲ್ಲ ಮತ್ತು ಹೊಟ್ಟೆಯ ಅಡಿ. ಹಾಗಾಗಿ ಮಾದರಿಯನ್ನು ಮೇಜಿನ ಮೇಲಿಟ್ಟು ನೀವು ನೆಲದಲ್ಲಿ ಕೂತು ಕೂಡ ನೋಡಿ.

ಈಗ ಮುಖ್ಯವಾದ ಪರೀಕ್ಷೆ. ಮಾದರಿಯನ್ನು ಒಂದು ಹಲಗೆಯ ಮೇಲಿಟ್ಟು, ಹಲಗೆಯ ಒಂದು ತುದಿಯನ್ನು ನಿಧಾನಕ್ಕೆ ಎತ್ತಿ. ಮುಂದಕ್ಕೆ, ಹಿಂದಕ್ಕೆ, ಎರಡೂ ಪಕ್ಕಕ್ಕೆ. ಸ್ವಲ್ಪ ಎತ್ತಿದ ಕೂಡಲೇ ಮಗುಚಿದರೆ ದೊಡ್ಡದೂ ಮಗುಚುತ್ತದೆ. ತಲೆ ತುಂಬಾ ಮುಂದೆ ಚಾಚಿದೆ ಅಂತ ಅರ್ಥ, ಇಲ್ಲವೇ ಬುಡ ಚಿಕ್ಕದಾಗಿದೆ. ಬಾಲವನ್ನು ಉದ್ದ ಮಾಡಿ, ಕುತ್ತಿಗೆಯನ್ನು ಹಿಂದಕ್ಕೆ ಎಳೆದು ಡೊಂಕು ಮಾಡಿ, ರೆಕ್ಕೆಯನ್ನು ಕೆಳಗಿಳಿಸಿ. ಇಲ್ಲಿ ಬದಲಾಯಿಸಲು ಐದು ನಿಮಿಷ ಸಾಕು, ಆಮೇಲೆ ಐದು ದಿನ ಬೇಕು. ನಾನು ಇಟ್ಟುಕೊಂಡಿರುವ ಲೆಕ್ಕ: ಬುಡದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬಾರದು.

ಹಂತ 3: ಬುಡ ಮತ್ತು ಗಾಲಿ

ದಸರೆಯ ಗಾರುಡಿ ಗೊಂಬೆಯ ಹಾಗೆ ಒಳಗೊಬ್ಬ ಮನುಷ್ಯ ನಿಂತು ಹೊರುವಂಥದ್ದಲ್ಲ ಇದು. ಗೊಂಬೆ ಹೊತ್ತವರು ಎಡವಿದರೆ ತಾವೇ ಸರಿಮಾಡಿಕೊಳ್ಳುತ್ತಾರೆ. ಗಾಲಿಯ ಮೇಲಿನ ಪ್ರಾಣಿಗೆ ಆ ಬುದ್ಧಿ ಇಲ್ಲ. ಬುಡವೇ ಎಲ್ಲವನ್ನೂ ತಡೆದುಕೊಳ್ಳಬೇಕು.

ಚೌಕ ಪೈಪಿನಲ್ಲಿ ಆಯತದ ಚೌಕಟ್ಟು ಮಾಡಿ, ಒಳಗೆ ಮೂಲೆಯಿಂದ ಮೂಲೆಗೆ ಅಡ್ಡಪಟ್ಟಿ ವೆಲ್ಡ್ ಮಾಡಿಸಿ. ಅಡ್ಡಪಟ್ಟಿ ಬಿಟ್ಟರೆ ಮೊದಲ ಹಂಪಿನಲ್ಲೇ ಚೌಕಟ್ಟು ತಿರುಚಿಕೊಳ್ಳುತ್ತದೆ. ಗಾಲಿ ದೊಡ್ಡದಿರಲಿ, 20 ಸೆಂಟಿಮೀಟರ್‌ಗಿಂತ ಕಡಿಮೆ ಬೇಡ. ಮೇಲ್ಮೈ ರಬ್ಬರಿನದಾಗಿರಲಿ. ಆಫೀಸ್ ಕುರ್ಚಿಯಂಥ ಸಣ್ಣ ಪ್ಲಾಸ್ಟಿಕ್ ಗಾಲಿ ಚರಂಡಿ ಜಾಲರಿಯಲ್ಲಿ ಸಿಕ್ಕಿಕೊಂಡು ಬಿಡುತ್ತದೆ, ಹಿಂದೆ ತಳ್ಳುವವರು ತಳ್ಳುತ್ತಲೇ ಇರುತ್ತಾರೆ, ಪ್ರಾಣಿ ಮುಗ್ಗರಿಸುತ್ತದೆ.

ತುಂಬಾ ಜನ ನಾಲ್ಕೂ ಗಾಲಿಗಳನ್ನು ತಿರುಗುವ ಗಾಲಿಗಳನ್ನೇ ಹಾಕಿಸುತ್ತಾರೆ. ಶೆಡ್ಡಿನೊಳಗೆ ಅದು ಅನುಕೂಲ ಅನ್ನಿಸುತ್ತದೆ. ಬೀದಿಯ ಮಧ್ಯ ಉಬ್ಬಿ ಪಕ್ಕಕ್ಕೆ ಇಳಿಜಾರಿರುತ್ತದೆ ಅಲ್ವಾ, ಅಲ್ಲಿ ಪ್ರಾಣಿ ಸುಮ್ನೆ ಅಡ್ಡಡ್ಡ ಜಾರಿ ಜನರ ಕಡೆ ಹೋಗುತ್ತದೆ. ಮುಂದೆ ಎರಡು ತಿರುಗುವವು, ಹಿಂದೆ ಎರಡು ನೇರ ಹೋಗುವವು. ಕನಿಷ್ಠ ಎರಡಕ್ಕೆ ಬ್ರೇಕ್. ಗಾಲಿಯನ್ನು ವೆಲ್ಡ್ ಮಾಡಿಸಬೇಡಿ, ನಟ್ಟು ಬೋಲ್ಟು ಹಾಕಿ. ದಾರಿಯಲ್ಲಿ ಕೆಟ್ಟರೆ ಬದಲಾಯಿಸಲು ಆಗಬೇಕು.

ತಳ್ಳುವ ಹಿಡಿಯನ್ನು ಸೊಂಟದ ಎತ್ತರಕ್ಕೆ, ಹಿಂದೆ ಮತ್ತು ಮುಂದೆ ಎರಡೂ ಕಡೆ ಕೊಡಿ. ಹಿಡಿ ಇಲ್ಲದಿದ್ದರೆ ಜನ ಪ್ರಾಣಿಯ ತೊಡೆ ಹಿಡಿದೇ ತಳ್ಳುತ್ತಾರೆ, ಎರಡನೇ ಕಿಲೋಮೀಟರ್‌ಗೆ ತೊಡೆ ಒಳಗೆ ಹೋಗಿರುತ್ತದೆ.

ಬುಡ ಆದ ದಿನವೇ ಅದರ ಮೇಲೆ ಮರಳು ಚೀಲ ಹೇರಿ, ಇನ್ನೂರು ಕಿಲೋದಷ್ಟು, ರಸ್ತೆಗೆ ತಂದು ಅರ್ಧ ಗಂಟೆ ತಳ್ಳಿ. ಹಂಪ್ ಹತ್ತಿಸಿ, ತಿರುಗಿಸಿ, ಇಳಿಜಾರಲ್ಲಿ ಬ್ರೇಕ್ ಹಾಕಿ. ಗಾಲಿ ಕಿರುಗುಟ್ಟಿದರೆ, ಒಂದು ಕಡೆಗೆ ಎಳೆದರೆ, ಬ್ರೇಕ್ ಹಾಕಿದ ಮೇಲೂ ಜಾರಿದರೆ ಅಲ್ಲೇ ನಿಲ್ಲಿಸಿ ಸರಿಮಾಡಿ. ಇದನ್ನು ಮಾಡದೆ ಮುಂದೆ ಹೋಗಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಹಂತ 4: ಅಸ್ಥಿಪಂಜರ

ಮೊದಲು ಕಬ್ಬಿಣದ ಬೆನ್ನು ಮತ್ತು ಕಾಲುಗಳು. ಕಾಲಿನ ಸರಳು ಬುಡಕ್ಕೆ ಗಟ್ಟಿಯಾಗಿ ಕೂರಬೇಕು. ಕುತ್ತಿಗೆಯ ಸರಳನ್ನು ಭುಜಕ್ಕೆ ನಿಲ್ಲಿಸಬೇಡಿ. ಅದು ಬೆನ್ನಿನುದ್ದಕ್ಕೂ ಹಿಂದಕ್ಕೆ ಹೋಗಿ ಹಿಂಗಾಲಿನ ಹತ್ತಿರ ಬುಡಕ್ಕೆ ಸೇರಬೇಕು. ನಮ್ಮ ಬಾವಿಯ ಏತ ನೆನಪಿಸಿಕೊಳ್ಳಿ. ಮುಂದೆ ಚಾಚಿದ ತೂಕವನ್ನು ಹಿಂದಿನ ತುದಿ ಹಿಡಿದಿರುತ್ತದೆ. ಬಾಗಿದ ಕುತ್ತಿಗೆಗಳಲ್ಲಿ ಹೆಚ್ಚಿನವು ಭುಜದಲ್ಲೇ ಮುಗಿದ ಸರಳಿನವು.

ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಬಳಿದು ಒಣಗಿಸಿ. ಹಸಿ ಅಂಟು ತಾಗಿದ ಬರಿ ಕಬ್ಬಿಣ ತುಕ್ಕು ಹಿಡಿಯುತ್ತದೆ, ಆ ಕಂದು ಕಲೆ ಕಾಗದ ದಾಟಿ ಬಿಳಿ ಪ್ರೈಮರ್ ದಾಟಿ ಹಳದಿ ಬಣ್ಣದ ಮೇಲೂ ಎದ್ದು ಕಾಣುತ್ತದೆ.

ಆಮೇಲೆ ಕಾರಿಸೊ ಅಥವಾ ಬಿದಿರು. ಸೀಳಿ, ಬಾಗಿಸಬೇಕಾದ್ದನ್ನು ರಾತ್ರಿ ನೀರಲ್ಲಿ ನೆನೆಹಾಕಿ. ಬುಟ್ಟಿ ಹೆಣೆದ ಹಾಗೆ ಪಕ್ಕೆಲುಬುಗಳನ್ನು ಸುತ್ತ ಕಟ್ಟಿ, ಉದ್ದದ ದಬ್ಬೆಗಳನ್ನು ಅಡ್ಡ ಹಾಯಿಸಿ. ಪ್ರತಿ ಸಂದಿಯನ್ನೂ ವೈರಿನಿಂದ ಬಿಗಿದು, ವೈರಿನ ತುದಿಯನ್ನು ಒಳಮುಖವಾಗಿ ಮಡಿಸಿ. ಹೊರಕ್ಕೆ ಚಾಚಿದ ತುದಿ ಕಾಗದ ಸವರುವ ಅಂಗೈಯನ್ನು ಸೀಳುತ್ತದೆ. ದಬ್ಬೆಗಳ ನಡುವಿನ ಕಿಂಡಿ ಒಂದು ಗೇಣಿಗಿಂತ ಕಡಿಮೆ ಇರಲಿ. ಹಸಿ ಕಾಗದ ಭಾರ. ಕಿಂಡಿ ದೊಡ್ಡದಾದರೆ ಕಾಗದ ಒಳಗೆ ಕುಸಿದು, ಒಣಗಿದ ಮೇಲೆ ಪ್ರಾಣಿ ಹಸಿದ ನಾಯಿಯ ಹಾಗೆ ಕಾಣುತ್ತದೆ.

ರೆಕ್ಕೆ, ಕೊಂಬು, ಉದ್ದ ಬಾಲ ಬಿಚ್ಚುವಂತಿರಲಿ. ಪೈಪಿನೊಳಗೆ ಪೈಪು ಕೂರಿಸಿ ಅಡ್ಡ ಬೋಲ್ಟು ಹಾಕುವುದು ಸರಳ ದಾರಿ. ಯಾವ ರೆಕ್ಕೆ ಯಾವ ಕಡೆಯದು ಅಂತ ಪೈಪಿನ ಮೇಲೆ ಗುರುತು ಹಾಕಿಡಿ. ರೆಕ್ಕೆಯನ್ನು ಪೂರ್ತಿ ಮುಚ್ಚಿದ ಹಲಗೆಯ ಥರ ಮಾಡಬೇಡಿ, ಅಲ್ಲಲ್ಲಿ ಗರಿಗಳ ನಡುವೆ ಕಂಡಿ ಬಿಡಿ. ಗಾಳಿ ಹಾದುಹೋಗಬೇಕು.

ಎಚ್ಚರಿಕೆಯ ಗುರುತು: ಬಾಲ ಹಿಡಿದು ಒಮ್ಮೆ ಅಲುಗಾಡಿಸಿ ಬಿಡಿ. ತಲೆ ಒಂದು ಸಲ ನಡುಗಿ ನಿಂತರೆ ಸರಿ. ಬಿಟ್ಟ ಮೇಲೂ ತೂಗಾಡುತ್ತಲೇ ಇದ್ದರೆ ಎಲ್ಲೋ ತ್ರಿಕೋನದ ಆಸರೆ ಕಡಿಮೆಯಾಗಿದೆ. ಕಾಗದ ಬಂದ ಮೇಲೆ ಗಟ್ಟಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲುಗಾಡುವ ಪಂಜರದ ಮೇಲೆ ಕಾಗದ ಬಿರುಕು ಬಿಡುತ್ತದೆ, ಅಷ್ಟೇ.

ಹಂತ 5: ಅಂಟು

ಅಲ್ಲಿ ಇದಕ್ಕೆ ಎಂಗ್ರುದೊ ಅನ್ನುತ್ತಾರೆ. ಗೋಡೆಗೆ ಪೋಸ್ಟರ್ ಹಚ್ಚುವ ನಮ್ಮ ಮೈದಾ ಅಂಟೇ. ಒಂದು ಬಟ್ಟಲು ಮೈದಾಕ್ಕೆ ಐದು ಬಟ್ಟಲು ನೀರು. ಒಂದು ಬಟ್ಟಲು ತಣ್ಣೀರಲ್ಲಿ ಮೈದಾವನ್ನು ಗಂಟಿಲ್ಲದಂತೆ ಕಲಸಿಕೊಳ್ಳಿ. ಉಳಿದ ನಾಲ್ಕು ಬಟ್ಟಲು ನೀರು ಕುದಿಯುವಾಗ ಅದನ್ನು ಸುರಿದು ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಅರೆಪಾರದರ್ಶಕವಾದಾಗ, ಸೌಟಿನ ಬೆನ್ನಿಗೆ ಗಂಜಿಯ ಹಾಗೆ ಹತ್ತಿಕೊಂಡಾಗ ಇಳಿಸಿ. ಪೂರ್ತಿ ಆರಿದ ಮೇಲೆ ಬಳಸಿ.

ಹಸಿ ಮೈದಾವನ್ನು ತಣ್ಣೀರಲ್ಲಿ ಕಲಸಿ ಹಾಗೇ ಹಚ್ಚುವವರಿದ್ದಾರೆ. ಅದು ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ, ಪದರ ಪದರ ಬಿಚ್ಚಿಕೊಳ್ಳುತ್ತದೆ. ಕುದಿಸಲೇಬೇಕು.

ಕೆಡದಿರಲು ಸ್ವಲ್ಪ ವಿನೆಗರ್ ಅಥವಾ ಲವಂಗದ ಪುಡಿ ಹಾಕಿ. ಹಳೆಯ ಬೈಂಡಿಂಗ್ ಕೆಲಸದವರ ಹಾಗೆ ಮೈಲುತುತ್ತ ಹಾಕುವುದೂ ಉಂಟು, ಹುಳ ಹತ್ತಿರ ಬರುವುದಿಲ್ಲ ನಿಜ, ಆದರೆ ಅದು ವಿಷ. ಮಕ್ಕಳು ಕೈಹಾಕುವ ಕಡೆ ಬೇಡವೇ ಬೇಡ. ಅಂಟಿಗೆ ಹುಳಿ ವಾಸನೆ ಬಂದರೆ, ಮೇಲೆ ನೀರು ಬಿಟ್ಟುಕೊಂಡರೆ ಚೆಲ್ಲಿಬಿಡಿ. ಒಂದು ದಿನಕ್ಕೆ ಬೇಕಾದಷ್ಟೇ ಮಾಡುವುದು ಒಳ್ಳೆಯದು.

ಬೇಗ ಗಟ್ಟಿಯಾಗಲಿ ಅಂತ ಮೊದಲ ಪದರಕ್ಕೇ ಫೆವಿಕಾಲ್ ಸುರಿಯಬೇಡಿ. ಅದು ಪ್ಲಾಸ್ಟಿಕ್ಕಿನ ಪೊರೆಯ ಹಾಗೆ ಕೂತು ಒಳಗಿನ ನೀರನ್ನು ಹೊರಗೆ ಬಿಡುವುದಿಲ್ಲ. ಕೊನೆಯ ಪದರಕ್ಕೆ ಬೇಕಾದರೆ ಸ್ವಲ್ಪ ಬೆರೆಸಿ.

ಹಂತ 6: ಕಾಗದ, ಮತ್ತು ಒಣಗಲು ಬಿಡುವ ತಾಳ್ಮೆ

ಹೆಚ್ಚಿನವರು ಸೋಲುವುದು ಇಲ್ಲಿ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಕಾಗದವನ್ನು ಕತ್ತರಿಯಿಂದ ಕತ್ತರಿಸಬೇಡಿ, ಹರಿಯಿರಿ. ಹರಿದ ಅಂಚು ತೆಳುವಾಗಿ ನಾರು ನಾರಾಗಿರುತ್ತದೆ, ಪಕ್ಕದ ತುಂಡಿನೊಂದಿಗೆ ಬೆರೆತು ಹೋಗುತ್ತದೆ. ಕತ್ತರಿಸಿದ ಅಂಚು ಮೆಟ್ಟಿಲಿನ ಹಾಗೆ ಉಳಿಯುತ್ತದೆ. ಪೇಪರ್ ಒಂದು ದಿಕ್ಕಿನಲ್ಲಿ ನೇರ ಪಟ್ಟಿಯಾಗಿ ಹರಿಯುತ್ತದೆ, ಇನ್ನೊಂದು ದಿಕ್ಕಿನಲ್ಲಿ ಸೊಟ್ಟ ಸೊಟ್ಟ. ನೇರ ಹರಿಯುವ ದಿಕ್ಕು ಹಿಡಿಯಿರಿ. ಮೈಗೆ ನಾಲ್ಕು ಬೆರಳಗಲದ ಪಟ್ಟಿ. ಮುಖ, ಬೆರಳು, ಮೂಗಿನ ಹೊಳ್ಳೆಯ ಹತ್ತಿರ ಅಂಚೆಚೀಟಿಯಷ್ಟು ತುಂಡು. ಉಬ್ಬು ತಗ್ಗಿನಲ್ಲಿ ದೊಡ್ಡ ತುಂಡು ಹಾಕಿದರೆ ನೆರಿಗೆ ಬರುತ್ತದೆ.

ಮೊದಲ ಪದರ ಖಾಕಿ ಕಾಗದದ್ದು, ದೊಡ್ಡ ಹಾಳೆಗಳು. ಎರಡೂ ಬದಿಗೆ ಅಂಟು ಸವರಿ, ಚಪಾತಿ ಹಿಟ್ಟಿನ ಹಾಗೆ ಮುದ್ದೆ ಮಾಡಿ ಹಿಸುಕಿ, ಮತ್ತೆ ಬಿಡಿಸಿ. ಹಾಗೆ ಮಾಡಿದಾಗ ಬಿರುಸು ಕಾಗದ ಬಟ್ಟೆಯ ಹಾಗೆ ಮೆತ್ತಗಾಗಿ ಪಂಜರದ ಮೇಲೆ ಕೂರುತ್ತದೆ. ಎರಡನೆಯ ಪದರ ಪೇಪರ್, ಮೂರನೆಯದು ಮತ್ತೆ ಖಾಕಿ. ಬಣ್ಣ ಬೇರೆ ಬೇರೆ ಇರುವುದರಿಂದ ಎಲ್ಲಿ ಬಿಟ್ಟುಹೋಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಒಂದು ಪದರದ ಪಟ್ಟಿ ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ಪ್ರತಿ ತುಂಡನ್ನೂ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಗಾಳಿ ತೆಗೆಯಿರಿ. ಒಳಗೆ ಉಳಿದ ಗುಳ್ಳೆ ಆಮೇಲೆ ಹಪ್ಪಳದ ಹಾಗೆ ಉಬ್ಬಿಕೊಳ್ಳುತ್ತದೆ.

ಒಂದು ಸಲಕ್ಕೆ ಎರಡೇ ಪದರ. ಪೂರ್ತಿ ಒಣಗಿದ ಮೇಲೆ ಇನ್ನೆರಡು. ಬೀದಿಗೆ ಬರುವ ಪ್ರಾಣಿಗೆ ಒಟ್ಟು ಆರೇಳು ಪದರ ಬೇಕು. ಕಾಲು, ಬಾಲದ ತುದಿ, ಮಕ್ಕಳ ಕೈಗೆಟಕುವ ಎತ್ತರದಲ್ಲಿ ಇನ್ನೆರಡು ಜಾಸ್ತಿ.

ಮೆಕ್ಸಿಕೊ ಸಿಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಬೆಳಗಿನ ಬಿಸಿಲು ಚುರುಕು. ಎರಡು ಗಂಟೆಯಲ್ಲಿ ಹೊರಮೈ ಗರಿಗರಿಯಾಗುತ್ತದೆ, ಒಣಗಿತು ಅಂತ ನಂಬಿ ಮುಂದಿನ ಪದರ ಹಾಕಿಬಿಡುತ್ತಾರೆ. ಒಳಗೆ ಇನ್ನೂ ಹಸಿ. ಸಂಜೆ ಮಳೆ, ರಾತ್ರಿ ತಂಪು, ಒಳಗಿನ ನೀರು ಎಲ್ಲಿಗೂ ಹೋಗುವುದಿಲ್ಲ. ಹತ್ತು ದಿನಕ್ಕೆ ಹೊಟ್ಟೆಯೊಳಗಿಂದ ಹಳೆಯ ನೆಲಮಾಳಿಗೆಯ ವಾಸನೆ ಬರುತ್ತದೆ. ಬೆಂಗಳೂರಿನ ಜುಲೈನಲ್ಲೂ, ಮಲೆನಾಡಿನಲ್ಲಂತೂ ಕೇಳುವುದೇ ಬೇಡ, ಇದೇ ಕತೆ.

ಹಾಗಾಗಿ ಹೊಟ್ಟೆಯ ಅಡಿಯಲ್ಲಿ ಒಂದು ಕಿಂಡಿ, ಬಾಲದ ಬುಡದಲ್ಲಿ ಇನ್ನೊಂದು ಕಿಂಡಿ ಬಿಡಿ. ಒಂದರಿಂದ ಫ್ಯಾನ್ ಗಾಳಿ ಒಳಗೆ ಹೋಗಬೇಕು, ಇನ್ನೊಂದರಿಂದ ಹೊರಗೆ ಬರಬೇಕು. ಈ ಕಿಂಡಿಗಳನ್ನು ಮುಚ್ಚುವುದು ಕಟ್ಟಕಡೆಗೆ. ಹೀಟರ್ ಇಡಬೇಡಿ, ಹೊರಪದರ ಬೇಗ ಕುಗ್ಗಿ ಬಿರಿಯುತ್ತದೆ, ಬೆಂಕಿಯ ಭಯವೂ ಇದೆ. ಅಂಟು ಹಚ್ಚುವ ಕೆಲಸವನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಸಂಜೆ ಹಚ್ಚಿದ್ದು ಮಾರನೆಯ ಮಧ್ಯಾಹ್ನದವರೆಗೂ ಹಸಿಯಾಗೇ ಇರುತ್ತದೆ.

ಒಣಗಿದೆಯೋ ಇಲ್ಲವೋ ತಿಳಿಯಲು ಅಂಗೈ ಬೇಡ, ಕೈಯ ಹಿಂಬದಿ ಇಟ್ಟು ನೋಡಿ. ತಣ್ಣಗಿದ್ದರೆ ಇನ್ನೂ ನೀರಿದೆ. ಬೆರಳಗೆಣ್ಣಿನಿಂದ ತಟ್ಟಿ. ಒಣಗಿದ್ದು ಹಲಸಿನ ಒಣ ತೊಳೆಯ ಚಿಪ್ಸಿನ ಹಾಗೆ ಗರಿಯಾಗಿ ಟಕ್ ಅನ್ನುತ್ತದೆ, ಹಸಿಯದು ಡಬ್ ಅಂತ ಸದ್ದು ನುಂಗುತ್ತದೆ. ಹೊಟ್ಟೆ, ತೊಡೆಯ ಸಂದಿ, ಗಲ್ಲದ ಅಡಿ, ಈ ಮೂರು ಕಡೆ ತಟ್ಟಿ ನೋಡದೆ ಮುಂದೆ ಹೋಗಬೇಡಿ.

ಕಪ್ಪು ಇಲ್ಲವೇ ಹಸಿರು ಚುಕ್ಕಿ ಕಂಡರೆ ಮೇಲೆ ಬಣ್ಣ ಬಳಿದು ಮುಚ್ಚಬೇಡಿ. ಮೂಗಿಗೆ ಮಾಸ್ಕ್ ಹಾಕಿ, ಆ ಭಾಗವನ್ನು ಒಂದು ಗೇಣು ಜಾಸ್ತಿಯೇ ಕೊಯ್ದು ತೆಗೆದು, ಎರಡು ದಿನ ಗಾಳಿಗೆ ಬಿಟ್ಟು, ಹೊಸ ಕಾಗದ ಹಾಕಿ. ಮನಸ್ಸಿಗೆ ಬಹಳ ಬೇಸರವಾಗುತ್ತದೆ, ಗೊತ್ತು. ಬಿಟ್ಟರೆ ಬಣ್ಣದ ಕೆಳಗೆ ಹರಡಿ ಇಡೀ ಪಕ್ಕೆ ಮೆತ್ತಗಾಗುತ್ತದೆ.

ರಾತ್ರಿ ಇಲಿ, ಜಿರಲೆ ನೋಡಿಕೊಳ್ಳಿ. ಮೈದಾ ಅವಕ್ಕೆ ಊಟ. ಅಂಟಿನ ಪಾತ್ರೆ ಮುಚ್ಚಿಡಿ, ನೆಲ ಒರೆಸಿ ಹೋಗಿ.

ಹಂತ 7: ಕೊಂಬು, ಹಲ್ಲು, ನಾಲಿಗೆ

ಇವನ್ನೆಲ್ಲ ಬೇರೆಯಾಗಿ ಮಾಡಿ ಒಣಗಿಸಿ ಆಮೇಲೆ ಜೋಡಿಸಿ. ಕೊಂಬಿಗೆ ರಟ್ಟನ್ನು ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿ ಮೇಲೆ ಕಾಗದ ಮೆತ್ತಬಹುದು. ಕಣ್ಣುಗುಡ್ಡೆಗೆ ಬಲೂನಿನ ಮೇಲೆ ನಾಲ್ಕು ಪದರ. ಸುಕ್ಕು, ಹುಬ್ಬು, ಹುರುಪೆಗೆ ಕಾಗದದ ತಿರುಳು ಅರೆದು ಮೆತ್ತಿ, ಆದರೆ ತೆಳುವಾಗಿ. ದಪ್ಪ ಮೆತ್ತಿದ ತಿರುಳು ವಾರವಾದರೂ ಒಣಗುವುದಿಲ್ಲ.

ಜೋಡಿಸುವಾಗ ಬರಿ ಅಂಟು ನಂಬಬೇಡಿ. ಮೈಗೆ ತೂತು ಮಾಡಿ ವೈರ್ ಹಾಯಿಸಿ ಒಳಗಿನ ದಬ್ಬೆಗೆ ಕಟ್ಟಿ, ಆಮೇಲೆ ಗಾಯಕ್ಕೆ ಬ್ಯಾಂಡೇಜ್ ಸುತ್ತಿದ ಹಾಗೆ ಸಂದಿಯ ಸುತ್ತ ಕಾಗದದ ಪಟ್ಟಿ ಹಾಕಿ.

ಹಂತ 8: ಬಿಳಿ ಪ್ರೈಮರ್

ಉಬ್ಬಿದ ಕಡೆ ಹಗುರವಾಗಿ ಸ್ಯಾಂಡ್ ಪೇಪರ್ ಹೊಡೆದು, ಬಿಳಿ ಪ್ರೈಮರ್ ಎರಡು ಕೋಟ್. ಬಿಳಿ ಇಲ್ಲದೆ ನೇರ ಬಣ್ಣ ಬಳಿದರೆ ಪೇಪರಿನ ಅಕ್ಷರ ಇಣುಕುತ್ತದೆ, ಹಳದಿ ಗುಲಾಬಿ ಮಂಕಾಗುತ್ತವೆ. ಪ್ರೈಮರ್ ಬಿದ್ದ ಮೇಲೆ ಸಣ್ಣ ಬಿರುಕುಗಳು ಎದ್ದು ಕಾಣುತ್ತವೆ. ಅವನ್ನು ಆಗಲೇ ಕಾಗದ ಹಾಕಿ ಮುಚ್ಚಿ. ಒಂದೇ ಜಾಗದಲ್ಲಿ ಬಿರುಕು ಮತ್ತೆ ಮತ್ತೆ ಬಂದರೆ ದೋಷ ಪಂಜರದಲ್ಲಿದೆ, ಅಲ್ಲಿ ಕೊಯ್ದು ವೈರ್ ಬಿಗಿಯಿರಿ.

ಹಂತ 9: ಬಣ್ಣ

ಮೊದಲು ದೊಡ್ಡ ದೊಡ್ಡ ಜಾಗಗಳಿಗೆ ಒಂದೊಂದೇ ಬಣ್ಣ. ಹೊಟ್ಟೆಗೊಂದು, ಬೆನ್ನಿಗೊಂದು, ರೆಕ್ಕೆಗೊಂದು. ಪಕ್ಕಪಕ್ಕದವು ಒಂದಕ್ಕೊಂದು ಎದುರಾಗಿ ನಿಲ್ಲುವಂತಿರಲಿ, ಕಡುನೀಲಿಯ ಪಕ್ಕ ಕಿತ್ತಳೆ, ನೇರಳೆಯ ಪಕ್ಕ ಹಳದಿ. ಇದು ಒಣಗಿದ ಮೇಲೆ ದೊಡ್ಡ ವಿನ್ಯಾಸಗಳು, ಗೆರೆ, ಹುರುಪೆ, ಜ್ವಾಲೆ. ಚುಕ್ಕಿ ಎಲ್ಲಕ್ಕಿಂತ ಕೊನೆಗೆ. ಕಡುಬಣ್ಣದ ಮೇಲೆ ತಿಳಿಬಣ್ಣ ಹೋಗಬೇಕು. ತಿಳಿಯ ಮೇಲೆ ಕಡು ಹಾಕುತ್ತಾ ಹೋದರೆ ಬರುಬರುತ್ತಾ ಪ್ರಾಣಿ ಕಪ್ಪಾಗುತ್ತದೆ. ಚುಕ್ಕಿಗೆ ಬ್ರಷ್ ಬೇಡ, ಪೆನ್ಸಿಲಿನ ಹಿಂಬದಿ, ಮೊಳೆಯ ತಲೆ, ಬಾಟಲಿ ಮುಚ್ಚಳ ಸಾಕು.

ಇಲ್ಲಿ ಒಂದು ತಪ್ಪು ಎಷ್ಟು ಹೇಳಿದರೂ ಮರಳಿ ಬರುತ್ತದೆ. ಏಣಿ ಹತ್ತಿ ಮೂಗಿನ ತುದಿಯಲ್ಲಿ ನಿಂತು ಚುಕ್ಕಿ ಇಡುತ್ತಾ ಹೋಗುತ್ತಾರೆ. ಹತ್ತಿರದಿಂದ ಅದು ಚೆಂದ. ಹತ್ತು ಮೀಟರ್ ದೂರದಿಂದ ಎಲ್ಲ ಸೇರಿ ಬೂದಿ ಬಣ್ಣ. ಮೆರವಣಿಗೆ ನೋಡುವವರು ನಿಂತಿರುವುದು ಬೀದಿಯ ಆ ಬದಿಯಲ್ಲಿ. ಅರ್ಧ ಗಂಟೆಗೊಮ್ಮೆ ಇಳಿದು, ರಸ್ತೆ ದಾಟಿ, ಅರೆಕಣ್ಣು ಮಾಡಿ ನೋಡಿ. ಕಣ್ಣು ಎಲ್ಲಿದೆ, ಬಾಯಿ ಎಲ್ಲಿದೆ ಅಂತ ತಕ್ಷಣ ಗೊತ್ತಾಗಬೇಕು. ದೊಡ್ಡ ಪ್ರಾಣಿಗೆ ಚುಕ್ಕಿಯೂ ದೊಡ್ಡದೇ ಬೇಕು, ಒಂದು ರೂಪಾಯಿ ನಾಣ್ಯದಷ್ಟು.

ಬೆರೆಸಿದ ಪ್ರತಿ ಬಣ್ಣದಲ್ಲೂ ಸ್ವಲ್ಪ ಡಬ್ಬಿಯಲ್ಲಿ ಎತ್ತಿಡಿ, ದಾರಿಯಲ್ಲಿ ಕಿತ್ತುಹೋದಾಗ ಬೇಕಾಗುತ್ತದೆ. ಹೊಳೆಯುವ ಫ್ಲೋರೊಸೆಂಟ್ ಬಣ್ಣದ ಆಸೆ ಬಿಡಿ. ಮೆರವಣಿಗೆ ಮುಗಿದ ಮೇಲೆ ಪ್ರಾಣಿಗಳನ್ನು ಎರಡು ವಾರದಷ್ಟು ಕಾಲ ಬೀದಿ ಬದಿಯಲ್ಲೇ ಪ್ರದರ್ಶನಕ್ಕೆ ನಿಲ್ಲಿಸುತ್ತಾರೆ, ಆ ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಮಾಸುವುದು ಅವೇ.

ವಾರ್ನಿಶ್ ತೆಳುವಾಗಿ ಮೂರು ಕೋಟ್, ಬಿಸಿಲಿರುವ ದಿನ. ತೇವದ ದಿನ ಹೊಡೆದರೆ ಹಾಲಿನ ಪೊರೆಯ ಹಾಗೆ ಬೆಳ್ಳಗಾಗುತ್ತದೆ. ಹೊಟ್ಟೆಯ ಅಡಿಗೂ, ಪಾದದ ತಳಕ್ಕೂ ಹೊಡೆಯಿರಿ, ರಸ್ತೆಯ ನೀರು ಚಿಮ್ಮುವುದು ಅಲ್ಲಿಗೆ. ಇಷ್ಟಾದರೂ ಇದು ಮಳೆಗೆ ನಿಲ್ಲುವ ವಸ್ತು ಅಲ್ಲ. ತುಂತುರು ತಡೆಯುತ್ತದೆ, ಅಷ್ಟೇ.

ಹಂತ 10: ಮೆರವಣಿಗೆಯ ದಿನ

ದಾರಿ ಸೊಕಾಲೊ ಚೌಕದಿಂದ ಶುರು. ಸಿಂಕೊ ದೆ ಮಾಯೊ ಬೀದಿ, ಹುವಾರೆಸ್ ರಸ್ತೆ, ಅಲ್ಲಿಂದ ಪಸೇಯೊ ದೆ ಲಾ ರೆಫೋರ್ಮಾಗೆ ತಿರುಗಿ ಆಂಹೆಲ್ ದೆ ಲಾ ಇಂಡೆಪೆಂಡೆನ್ಸಿಯಾ ಸ್ಮಾರಕದವರೆಗೆ. ಮುಂಚೆಯೇ ಒಂದು ದಿನ ಬರಿಗೈಯಲ್ಲಿ ಈ ದಾರಿ ನಡೆಯಿರಿ. ಚರಂಡಿ ಜಾಲರಿ ಎಲ್ಲಿದೆ, ಕೊಂಬೆ ಎಲ್ಲಿ ಬಗ್ಗಿದೆ, ಸಿಗ್ನಲ್ ಕಂಬ ಎಲ್ಲಿ ಚಾಚಿದೆ ಬರೆದುಕೊಳ್ಳಿ. ಸಿಂಕೊ ದೆ ಮಾಯೊ ಇಕ್ಕಟ್ಟು, ಎರಡೂ ಕಡೆ ಎತ್ತರದ ಕಟ್ಟಡ, ಅಲ್ಲಿ ಕಷ್ಟ ಜನಸಂದಣಿಯದು. ರೆಫೋರ್ಮಾ ವಿಶಾಲ, ಬಯಲು. ತಿರುಗಿದ ಕೂಡಲೇ ಗಾಳಿ ರೆಕ್ಕೆಗೆ ಹೊಡೆಯುತ್ತದೆ, ಪ್ರಾಣಿ ಒಂದು ಕಡೆ ವಾಲಿದಂತಾಗುತ್ತದೆ. ಆ ತಿರುವಿಗೆ ಮೊದಲೇ ನಿಲ್ಲಿಸಿ, ಪ್ರಾಣಿಯ ಮೈಗೆ ಹಗ್ಗ ಕಟ್ಟಿ, ಗಾಳಿ ಬರುವ ಕಡೆ ಅದನ್ನು ಹಿಡಿಯಲು ಇಬ್ಬರನ್ನು ನಿಲ್ಲಿಸಿಕೊಳ್ಳಿ.

ತಳ್ಳಲು ಆರು ಜನ, ಬದಲಿಗೆ ಇನ್ನು ನಾಲ್ಕು. ಮುಂದೆ ಒಬ್ಬರು ನೆಲ ನೋಡಲು, ಒಬ್ಬರು ಮೇಲೆ ನೋಡಲು. ಬ್ರೇಕಿನ ಹತ್ತಿರ ಒಬ್ಬರು, ಅವರು ಫೋಟೋ ತೆಗೆಯಬಾರದು, ಮಾತಾಡಬಾರದು. ನಿಲ್ಲಿಸು, ಹೊರಡು, ಎಡ, ಬಲ ಅಂತ ಕೂಗುವವರು ಒಬ್ಬರೇ ಇರಲಿ. ಎಲ್ಲರೂ ಕೂಗಿದರೆ ಯಾರೂ ಕೇಳುವುದಿಲ್ಲ.

ಒಂದು ಚೀಲದಲ್ಲಿ ಬೈಂಡಿಂಗ್ ವೈರ್, ಪ್ಲೇಯರ್, ಸ್ಪ್ಯಾನರ್, ಒಂದು ಗಾಲಿ ಜಾಸ್ತಿ, ಬೋಲ್ಟುಗಳು, ಟೇಪು, ಬಣ್ಣದ ಡಬ್ಬಿಗಳು, ದೊಡ್ಡ ಪ್ಲಾಸ್ಟಿಕ್ ಶೀಟ್. ಮಳೆ ಬಂದರೆ ಶೀಟನ್ನು ಮೇಲಿಂದ ಹೊದಿಸಿ, ಕೆಳಗೆ ತೆರೆದಿಡಿ. ಪೂರ್ತಿ ಸುತ್ತಿ ಬಿಗಿದರೆ ಒಳಗೆ ಬೆವರಿ ಬಣ್ಣ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಕಿತ್ತುಬರುತ್ತದೆ.

ನಡೆಯುವಾಗ ಗಾಲಿಯ ಸದ್ದಿಗೆ ಕಿವಿ ಕೊಡಿ. ಟಕ್ ಟಕ್ ಅಂತ ಒಂದೇ ತಾಳದಲ್ಲಿ ಸದ್ದು ಬಂದರೆ ಬೋಲ್ಟು ಸಡಿಲಾಗಿದೆ. ತಲೆ ಮೊದಲಿಗಿಂತ ಕೆಳಗೆ ಬಂದಂತೆ ಕಂಡರೆ, ಕುತ್ತಿಗೆಯ ಬುಡದಲ್ಲಿ ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಮೂಡಿದರೆ ಪಕ್ಕಕ್ಕೆ ನಿಲ್ಲಿಸಿ ಹುರಿಯಿಂದ ಬೆನ್ನಿಗೆ ಎಳೆದು ಕಟ್ಟಿ. ಹುರಿ ಕಂಡರೂ ಪರವಾಗಿಲ್ಲ, ತಲೆ ಉಳಿಯಬೇಕು.

ಪ್ರದರ್ಶನದ ಜಾಗಕ್ಕೆ ಬಂದ ಮೇಲೆ ಬ್ರೇಕ್ ಹಾಕಿ, ಗಾಲಿಗೆ ಎರಡೂ ಕಡೆ ಕಟ್ಟೆ ಕೊಟ್ಟು, ಬುಡದ ಮೇಲೆ ಮರಳು ಚೀಲ ಹೇರಿ. ಎರಡು ಮೂರು ದಿನಕ್ಕೊಮ್ಮೆ ಹೋಗಿ ಪಾದ ಮತ್ತು ಹೊಟ್ಟೆಯ ಅಡಿ ಕೈಯ ಹಿಂಬದಿಯಿಂದ ಮುಟ್ಟಿ ನೋಡಿ. ವಾಪಸ್ ಒಯ್ಯುವ ದಿನಕ್ಕೆ ಲಾರಿಯನ್ನು ಮೊದಲೇ ಗೊತ್ತುಮಾಡಿ, ಆ ದಿನ ಎಲ್ಲ ತಂಡಗಳಿಗೂ ಲಾರಿ ಬೇಕಾಗಿರುತ್ತದೆ. ಶೆಡ್ಡಿಗೆ ತಂದ ಮೇಲೆ ಗಾಲಿಗಳನ್ನು ಬಿಚ್ಚಿ, ಮಣ್ಣು ಒರೆಸಿ, ಗ್ರೀಸ್ ಹಚ್ಚಿ ಡಬ್ಬಿಯಲ್ಲಿಡಿ. ಮುಂದಿನ ಪ್ರಾಣಿಗೂ ಅವೇ ಸಾಕು.